ಕರೆಂಟ್ ಹೋಗಿತ್ತಾ?

ಬ್ರಹ್ಮಾವರದ ಬಸ್ ನಿಲ್ದಾಣದಿಂದ ಕೂಗಳತೆಯ ದೂರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ಗೃಹಪ್ರವೇಶದ ಕಾಗದ, ಉತ್ತರಕ್ರಿಯೆಯ ಕಾಗದ, ಜೊತೆಗೆ ಜೆರಾಕ್ಸು, ಲ್ಯಾಮಿನೇಶನ್ನು. ಯಾರೇ ಆಗಲಿ, ಸತ್ತ ಮೇಲಾದರೂ ಒಮ್ಮೆ ನಿನ್ನ ಅಂಗಡಿಗೆ ಬರಲೇಬೇಕು ಎಂದು ನನ್ನ ಗಂಡ ತಮಾಷೆ ಮಾಡುವುದುಂಟು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅದೇ ಕಂಪ್ಯೂಟರಿನ ಮುಂದೆ ಕೂತು ನಾನು ಇನ್ನೊಂದು ಕೆಲಸ ಮಾಡುತ್ತೇನೆ. ಅದಕ್ಕೆ ಸಂಬಳವೂ ಇಲ್ಲ, ಹೊರಗೆ ಬೋರ್ಡೂ ಇಲ್ಲ.

ಕಂಪ್ಯೂಟರಿಗೆ ಕೆಲಸ ಹೇಳುವುದಕ್ಕೆ ಪ್ರೋಗ್ರಾಮಿಂಗ್ ಭಾಷೆಗಳು ಅಂತ ಇರುತ್ತವಲ್ಲ, ಅವುಗಳಲ್ಲಿ ಒಂದನ್ನು ಬೇರೆ ಬೇರೆ ದೇಶದ ಜನ ತಮ್ಮ ಪುರುಸೊತ್ತಿನಲ್ಲಿ ಸೇರಿ ಕಟ್ಟಿದ್ದಾರೆ. ಈಗಲೂ ಹಾಗೆಯೇ ನಡೆಸಿಕೊಂಡು ಬರುತ್ತಿದ್ದಾರೆ. ಬಳಸುವವರಿಗೆ ಏನಾದರೂ ಎಡವಟ್ಟು ಕಂಡರೆ ಒಂದು ಜಾಗದಲ್ಲಿ ಬರೆದು ಹಾಕುತ್ತಾರೆ. ಬಗ್ ರಿಪೋರ್ಟ್ ಎನ್ನುವುದು ಅದಕ್ಕೇ. ದಿನಾ ಬರುವ ರಿಪೋರ್ಟುಗಳನ್ನು ಯಾರಾದರೂ ಓದಬೇಕು, ಕಾಳು ಯಾವುದು ಜೊಳ್ಳು ಯಾವುದು ಎಂದು ಬೇರೆ ಮಾಡಬೇಕು, ಕಾಳನ್ನು ರಿಪೇರಿ ಬಲ್ಲವರ ಕಡೆಗೆ ದಾಟಿಸಬೇಕು. ಹಾಗೆ ಬೇರೆ ಮಾಡುವ ಕೆಲವರಲ್ಲಿ ನಾನೂ ಒಬ್ಬಳು.

ಇದಕ್ಕೆ ಬಿದ್ದದ್ದು ಮದುವೆ ಕಾಗದದಿಂದಲೇ. ಒಂದೇ ನಮೂನೆಯ ಕಾಗದಗಳನ್ನು ಬೇಗ ಬೇಗ ಜೋಡಿಸಲು ಆ ಭಾಷೆಯಲ್ಲಿ ಸಣ್ಣದೊಂದು ಪ್ರೋಗ್ರಾಮ್ ಬರೆದುಕೊಂಡಿದ್ದೆ. ಅದು ಒಂದು ಕಡೆ ಮುಗ್ಗರಿಸುತ್ತಿತ್ತು. ತಪ್ಪು ನನ್ನದಲ್ಲ, ಭಾಷೆಯದ್ದೇ ಎಂದು ಖಾತ್ರಿಯಾದ ಮೇಲೆ ಸಿಟ್ಟಿನಿಂದ ಬರೆದು ಹಾಕಿದೆ. ಎಲ್ಲಿಯವರೋ ಯಾರೋ ಅದನ್ನು ಸರಿ ಮಾಡಿ, ಇಷ್ಟು ಚೆನ್ನಾಗಿ ವಿವರಿಸಿದ್ದಕ್ಕೆ ಥ್ಯಾಂಕ್ಸ್ ಎಂದು ಬರೆದರು. ಅಷ್ಟು ವರ್ಷ ಕಾಗದ ಪ್ರಿಂಟ್ ಮಾಡಿದ ನನಗೆ ಒಬ್ಬ ಗಿರಾಕಿಯೂ ಥ್ಯಾಂಕ್ಸ್ ಹೇಳಿದ್ದಿಲ್ಲ. ತಪ್ಪಾದಾಗ ಮಾತ್ರ ಊರೆಲ್ಲ ಕೇಳುವ ಹಾಗೆ ಬಾಯಿ ಮಾಡುತ್ತಾರೆ. ಹಾಗಾಗಿ ಆ ಒಂದು ಥ್ಯಾಂಕ್ಸ್ ನನಗೆ ಚೆನ್ನಾಗಿಯೇ ಹತ್ತಿತು.

ನಾನೇನು ದೊಡ್ಡ ಪ್ರೋಗ್ರಾಮರ್ ಅಲ್ಲ. ಆದರೆ ಪ್ರೂಫ್ ನೋಡಿ ನೋಡಿ ತಪ್ಪು ಹುಡುಕುವ ಚಟ ಮೈಗೆ ಅಂಟಿದೆ. ಈ ಕೆಲಸಕ್ಕೆ ಅಷ್ಟು ಸಾಕು. ನಮ್ಮಲ್ಲಿ ಒಂದು ಪದ್ಧತಿ ಇದೆ. ರಿಪೋರ್ಟಿನಲ್ಲಿ ಹೇಳಿದ ತೊಂದರೆಯನ್ನು ನಾವು ನಮ್ಮ ಕಂಪ್ಯೂಟರಿನಲ್ಲಿ ಆಗಿಸಿ ನೋಡಬೇಕು. ಅದು ಇಲ್ಲೂ ಆದರೆ ಬಗ್. ಆಗದಿದ್ದರೆ 'ಇಲ್ಲಿ ಆಗುತ್ತಿಲ್ಲ' ಎಂಬ ಅರ್ಥದ ಲೇಬಲ್ ಹಚ್ಚಿ, ಬರೆದವರನ್ನು ಇನ್ನಷ್ಟು ಕೇಳಬೇಕು. ಅವರಿಂದ ಉತ್ತರ ಬರದೆ ಹೋದರೆ ಸ್ವಲ್ಪ ದಿನ ಕಾದು ಆ ರಿಪೋರ್ಟಿನ ಬಾಗಿಲು ಹಾಕಬೇಕು. ಕೇಳಲು ಕಟುವಾಗಿದೆ. ಆದರೆ ಬಾಗಿಲು ಹಾಕದೆ ಹೋದರೆ ಇಡೀ ಲೋಕದ ತೊಂದರೆಯೆಲ್ಲ ನಮ್ಮ ಜಗಲಿಯಲ್ಲೇ ಬಂದು ಕೂತಿರುತ್ತದೆ.

ಒಂದು ಬೇಸಿಗೆಯಲ್ಲಿ, ಮದುವೆ ಕಾಗದದ ಭರಾಟೆಯ ನಡುವೆ, ಒಂದು ರಿಪೋರ್ಟು ಬಂತು. ಆ ಭಾಷೆಯಲ್ಲಿ 'ಇಷ್ಟು ಹೊತ್ತಿಗೊಮ್ಮೆ ಈ ಕೆಲಸ ಮಾಡು' ಎಂದು ಹೇಳುವ ಒಂದು ಸೌಲಭ್ಯ ಇದೆ. ಎರಡು ತಾಸಿಗೊಮ್ಮೆ ಎಂದರೆ ಎರಡು ತಾಸಿಗೊಮ್ಮೆ ಮಾಡುತ್ತದೆ. ಅದು ಕೆಲವೊಮ್ಮೆ ಒಂದರ ಹಿಂದೆ ಒಂದರಂತೆ ನಿಲ್ಲದೆ ಮಾಡುತ್ತದೆ ಎಂದು ಬರೆದಿದ್ದರು. ಆ 'ಕೆಲವೊಮ್ಮೆ' ಎನ್ನುವ ಮಾತು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಾಗದದಲ್ಲಿ ಎಲ್ಲೋ ಒಂದು ತಪ್ಪಿದೆ, ನೀವೇ ಕಾಣಿ ಎನ್ನುವ ಗಿರಾಕಿಯ ಜಾತಿ ಅದು. ಆದರೂ ಪದ್ಧತಿಯಂತೆ ನನ್ನ ಕಂಪ್ಯೂಟರಿನಲ್ಲಿ ಓಡಿಸಿ ಬಿಟ್ಟೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಚಾಚೂ ತಪ್ಪದೆ ಓಡಿತು. ಲೇಬಲ್ ಹಚ್ಚಿದೆ.

ಆ ಭಾಗವನ್ನು ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ. ಚಳಿ ದೇಶದವರು. ನಾನು ಅವರ ಮುಖ ನೋಡಿದ್ದಿಲ್ಲ, ಅವರು ನನ್ನದನ್ನು ನೋಡಿದ್ದಿಲ್ಲ. ಮಾತು ಕಡಿಮೆ, ಆದರೆ ಅಷ್ಟೂ ಅಳತೆಯದ್ದು. ಅವರೂ ಓಡಿಸಿ ನೋಡಿ, ಇಲ್ಲಿ ಆಗುತ್ತಿಲ್ಲ ಎಂದರು. ಯಾವ ಆವೃತ್ತಿ, ಯಾವ ಯಂತ್ರ ಎಂದು ಕೇಳಿದೆವು. ಅಂಗೈಯಲ್ಲಿ ಹಿಡಿಯುವಂಥ ಒಂದು ಪುಟ್ಟ ಕಂಪ್ಯೂಟರು ಎಂದು ಉತ್ತರ ಬಂತು. ಅಂಥದ್ದು ಬೇಕಾದಷ್ಟು ಜನರ ಹತ್ತಿರ ಇದೆ, ಅವರದ್ದರಲ್ಲೂ ಆಗಲಿಲ್ಲ. ಇಂಗ್ಲಿಷಿನಲ್ಲಿ ಹೀಗೆ ನಮ್ಮ ಮತ್ತು ಆ ಅಪರಿಚಿತರ ನಡುವೆ ವಾರಗಟ್ಟಲೆ ಹಗ್ಗಜಗ್ಗಾಟ ನಡೆಯಿತು. ಇನ್ನೇನು ಬಾಗಿಲು ಹಾಕಬೇಕು ಎನ್ನುವಾಗ ಒಂದು ಉತ್ತರ ಬಂತು: ಇದರಿಂದ ಎರಡು ಸಲ ನನ್ನ ಮೊಟ್ಟೆಗಳು ಹಾಳಾದವು, ಮೂರನೆಯ ಸಲದವು ಈಗ ಒಳಗಿವೆ, ದಯವಿಟ್ಟು ಮುಚ್ಚಬೇಡಿ.

ಮೊಟ್ಟೆ ಎಂದರೆ ಯಾವುದೋ ತಾಂತ್ರಿಕ ಶಬ್ದ ಎಂದುಕೊಂಡು ಹಿರಿಯರು ವಿವರಣೆ ಕೇಳಿದರು. ಆಗ ಬರೆದವರು ತಮ್ಮ ಇಡೀ ಪ್ರೋಗ್ರಾಮನ್ನೇ ತಂದು ಹಾಕಿದರು. ಓದುತ್ತಾ ಹೋದ ನಾನು ಒಂದು ಕಡೆ ನಿಂತೆ. ಯಂತ್ರಕ್ಕೆ ಅವರಿಟ್ಟಿದ್ದ ಹೆಸರು ಇಂಗ್ಲಿಷ್ ಅಕ್ಷರದಲ್ಲಿ 'ಹೇಂಟೆ' ಎಂದಿತ್ತು, ಅಂದರೆ ಹೆಣ್ಣುಕೋಳಿ. ಕೆಳಗೆ 'ಕಾವು' ಎಂದಿತ್ತು. ಎಲ್ಲವನ್ನೂ ಇಟ್ಟಿದ್ದ ಫೋಲ್ಡರಿನ ಹೆಸರು 'ಕೆರಾಡಿ'. ನನ್ನ ತವರು ಬೈಂದೂರು. ಅಮ್ಮ ಹೇಂಟೆಯನ್ನು ಬುಟ್ಟಿಯಲ್ಲಿ ಕಾವಿಗೆ ಕೂರಿಸುತ್ತಿದ್ದುದನ್ನು ನೋಡಿಯೇ ಬೆಳೆದವಳು ನಾನು. ಇಷ್ಟು ದಿನ ಯಾವುದೋ ಖಂಡದವರು ಎಂದುಕೊಂಡು ಜಗಳ ಆಡಿದ್ದು ಕೆರಾಡಿಯವರ ಜೊತೆಗೆ. ಬ್ರಹ್ಮಾವರದಲ್ಲಿ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವ ಊರು.

ಅಲ್ಲಿಯೇ, ಎಲ್ಲರಿಗೂ ಕಾಣುವ ಜಾಗದಲ್ಲಿ, ನೀವು ಕೆರಾಡಿಯವರಾ ಎಂದು ಕನ್ನಡದಲ್ಲಿ ಬರೆದೆ. ಸ್ವಲ್ಪ ಹೊತ್ತಿನಲ್ಲೇ ಉತ್ತರ ಬಂತು.

"ಹೌದ್. ನಿಮ್ಗೆ ಊರ್ ಎಲ್ಲಾಯ್ತ್?"

ಹಿರಿಯರು ಇದನ್ನು ಅನುವಾದದ ಯಂತ್ರಕ್ಕೆ ಹಾಕಿ ನೋಡಿದರಂತೆ. ಊರು ಎಲ್ಲಿ ಸಂಭವಿಸಿತು ಎಂದೇನೋ ಬಂದು, ಏನಾದರೂ ಅನಾಹುತವಾಯಿತೇ ಎಂದು ಕೇಳಿದರು. ಏನೂ ಇಲ್ಲ, ಪಕ್ಕದ ಊರಿನವರು ಸಿಕ್ಕರು ಎಂದು ಬರೆದೆ. ಬರುವ ಭಾನುವಾರ ಖುದ್ದಾಗಿ ಹೋಗಿ ನೋಡಿ ಬರುತ್ತೇನೆ ಎಂದೂ ಸೇರಿಸಿದೆ. ರಿಪೋರ್ಟು ನೋಡಲು ಬಸ್ಸಿನಲ್ಲಿ ಹೋಗುವುದನ್ನು ಅವರು ತಮ್ಮ ಜನ್ಮದಲ್ಲಿ ಕೇಳಿರಲಿಲ್ಲ.

ಶನಿವಾರ ಸಂಜೆ ಗುಡುಗು ಸಿಡಿಲಿನ ಮಳೆ ಬಂತು. ಭಾನುವಾರ ಅಂಗಡಿಯನ್ನು ಗಂಡನಿಗೆ ಒಪ್ಪಿಸಿ ಹೊರಟೆ. ಕುಂದಾಪುರದಲ್ಲಿ ಬಸ್ಸು ಬದಲಿಸಿ ಒಳನಾಡಿನ ದಾರಿ ಹಿಡಿದೆವು. ದಾರಿಯಲ್ಲಿ ಅಲ್ಲಲ್ಲಿ ಮರದ ಕೊಂಬೆಗಳು ಮುರಿದು ಬಿದ್ದಿದ್ದವು. ಒಂದು ಕಡೆ ಲೈನ್‌ಮ್ಯಾನ್ ಕಂಬ ಹತ್ತಿದ್ದ. ಅದನ್ನೆಲ್ಲ ನೋಡಿದೆ, ಆದರೆ ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಬಸ್ಸಿಳಿಯುವಲ್ಲಿ ನಿಂತಿದ್ದವಳು ನನಗಿಂತ ಎಷ್ಟೋ ಚಿಕ್ಕವಳು. ಮುಂಬೈಯಲ್ಲಿ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದವಳು, ಬಾಣಂತನಕ್ಕೆಂದು ಊರಿಗೆ ಬಂದು, ಗಂಡನ ಮನೆಯಲ್ಲೇ ಉಳಿದುಬಿಟ್ಟಳಂತೆ. ಗಂಡ ಈಗಲೂ ಮುಂಬೈಯ ಹೋಟೆಲಿನಲ್ಲಿ. ದಾರಿಯುದ್ದಕ್ಕೂ ಅವಳು ತನ್ನ ಮೊಟ್ಟೆಗಳ ವ್ಯವಹಾರ ಹೇಳಿದಳು. ಹೇಂಟೆ ಕಾವಿಗೆ ಕೂತರೆ ಮರಿ ಮಾಡಿ ದೊಡ್ಡದು ಮಾಡುವವರೆಗೆ ಮತ್ತೆ ಮೊಟ್ಟೆ ಇಡುವುದಿಲ್ಲ. ಅದೇ ಮೊಟ್ಟೆಗಳನ್ನು ಯಂತ್ರ ಕಾವು ಕೊಟ್ಟು ಮರಿ ಮಾಡಿದರೆ ಹೇಂಟೆ ಬೇಗ ಮತ್ತೆ ಇಡುತ್ತದೆ. ಆದ್ದರಿಂದ ಸುತ್ತಲಿನ ಮನೆಗಳ ಹೆಂಗಸರು ತಮ್ಮ ಊರ ಕೋಳಿಯ ಮೊಟ್ಟೆಗಳನ್ನು ಇವಳಿಗೆ ಪಾಲಿಗೆ ಕೊಡುತ್ತಾರೆ. ಬಂದ ಮರಿಗಳಲ್ಲಿ ಅರ್ಧ ಅವರಿಗೆ, ಅರ್ಧ ಇವಳಿಗೆ. ಮೊದಲ ಸಲ ಹಾಳಾದಾಗ ಯಾರೂ ಏನೂ ಅನ್ನಲಿಲ್ಲ. ಎರಡನೆಯ ಸಲ ಹಾಳಾದಾಗ, ಮಿಷನ್ನಿನ ಕಾವು ತಾಯಿ ಕಾವಾಗುತ್ತದೆಯೇ ಎಂಬ ಮಾತು ಶುರುವಾಯಿತು. ಈಗ ಒಳಗಿದ್ದದ್ದು ಮೂರನೆಯ ಸಲದ್ದು, ಅದೂ ಕಾಡಿ ಬೇಡಿ ತಂದದ್ದು.

"ಇದೂ ಹಾಳಾರೆ ಮತ್ತೆ ಒಂದ್ ಮೊಟ್ಟೆಯೂ ಯಾರೂ ಕೊಡುದಿಲ್ಲ ಅಕ್ಕ. ಕೊಡಿ ಅಂದೇಳಿ ಕೇಂಬುಕೆ ನಂಗೂ ಮುಖ ಇಲ್ಲ" ಎಂದಳು.

ಯಂತ್ರ ಎಂದರೆ ಕೆಟ್ಟುಹೋದ ಒಂದು ಹಳೆಯ ಫ್ರಿಜ್ಜು. ಮನೆಯ ಹಿಂದಿನ ಇಳಿಜಾರು ಸೂರಿನ ಕೆಳಗೆ ಇಟ್ಟಿದ್ದಳು. ಒಳಗೆ ಬೆಚ್ಚಗಿಡಲು ಬಲ್ಬು, ಮೊಟ್ಟೆಯ ಟ್ರೇ, ಟ್ರೇಯನ್ನು ಆಗಾಗ ಆ ಕಡೆ ಈ ಕಡೆ ವಾಲಿಸಲು ಒಂದು ಸಣ್ಣ ಮೋಟಾರು. ಹೇಂಟೆಯೂ ಕೊಕ್ಕಿನಿಂದ ಮೊಟ್ಟೆ ತಿರುಗಿಸುತ್ತಲೇ ಇರುತ್ತದೆ, ಇಲ್ಲದಿದ್ದರೆ ಮರಿ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಟ್ರೇಯ ಮೂಲೆಯಲ್ಲಿ ಒಂದು ಇದ್ದಿಲ ತುಂಡು, ಒಂದು ಕಬ್ಬಿಣದ ಮೊಳೆ ಕಂಡವು. ಅದು ಯಾವುದಕ್ಕೆ ಎಂದು ನಾನು ಕೇಳುವ ಮೊದಲೇ ಅವಳ ಅತ್ತೆ ಹೊರಗೆ ಬಂದರು.

"ಗುಡ್ಗಿಗೆ ಮೊಟ್ಟೆ ಕಲ್ಕತ್ತ್ ಮಾರಾಯ್ರೆ. ಎರ್ಡ್ ಸಲವೂ ಗುಡ್ಗಿದ್ ಮಾರ್ನೆ ದಿನವೇ ಹಾಳಾದ್ದ್. ಇವ್ಳಿಗೆ ಹೇಳ್ರೆ ಕೇಂತಿಲ್ಲ."

ಸೊಸೆ ನಾಚಿಕೆಯಿಂದ ಕುಗ್ಗಿಹೋದಳು. ಅತ್ತೇ, ಸುಮ್ಮನಿರಿ, ಅವರು ಕಂಪ್ಯೂಟರಿನವರು ಎಂದು ಮೆಲ್ಲಗೆ ಗದರಿದಳು. ನಾನು ದೊಡ್ಡ ಮನುಷ್ಯಳ ಹಾಗೆ ನಕ್ಕು ತಲೆಯಾಡಿಸಿದೆ. ಕಾವಿಗೆ ಇಟ್ಟ ಮೊಟ್ಟೆಗೆ ಗುಡುಗು ಆಗುವುದಿಲ್ಲ, ಒಳಗೆಲ್ಲ ಕಲಕಿಹೋಗುತ್ತದೆ ಎನ್ನುವುದು ನನ್ನಮ್ಮನ ಬಾಯಲ್ಲೂ ಇದ್ದ ಮಾತೇ. ಗುಡುಗು ತಾಗದಿರಲಿ ಎಂದು ಬುಟ್ಟಿಗೆ ಇದ್ದಿಲು, ಕಬ್ಬಿಣ ಹಾಕುವುದು ಅಲ್ಲೂ ಇತ್ತು. ಮಾತಿಗೆ ಗೌರವ ಕೊಟ್ಟಂತೆ ಮಾಡಿ ಮುಂದಕ್ಕೆ ಹೋದೆ.

ಪ್ರೋಗ್ರಾಮ್ ಓಡುವುದನ್ನು ತೋರಿಸು ಎಂದರೆ ಕರೆಂಟೇ ಇಲ್ಲ. ನಿನ್ನೆಯ ಗಾಳಿಮಳೆಗೆ ಹೋದದ್ದು ಇನ್ನೂ ಬಂದಿರಲಿಲ್ಲ. ಬಲ್ಬನ್ನು ಹಳೆಯ ಆಟೋ ರಿಕ್ಷಾದ ಬ್ಯಾಟರಿಗೆ ಹಾಕಿ ಉರಿಸಿದ್ದರು. ಪುಟ್ಟ ಕಂಪ್ಯೂಟರಿಗೂ ಮೋಟಾರಿಗೂ ಮಾತ್ರ ಗೋಡೆಯ ಪ್ಲಗ್ಗಿನ ಚಾರ್ಜರೇ ಗತಿ, ಅವು ತಣ್ಣಗಿದ್ದವು. ಅತ್ತೆ ಆಗಾಗ ಎದ್ದು ಹೋಗಿ ಮೊಟ್ಟೆಗಳನ್ನು ಕೈಯಲ್ಲೇ ತಿರುಗಿಸಿ ಬರುತ್ತಿದ್ದರು. ಇದನ್ನು ಯಾರೂ ಒಂದು ವಿಷಯ ಎಂದು ಮಾತಾಡಲಿಲ್ಲ. ಇಷ್ಟು ದೂರ ಬಂದು ಸುಮ್ಮನೆ ಕೂರುವ ಹಾಗಾಯಿತಲ್ಲ ಎಂದು ನಾನು ಒಳಗೊಳಗೇ ವಿದ್ಯುತ್ ಇಲಾಖೆಗೆ ಬೈದುಕೊಂಡೆ. ಉಂಡೆವು. ಕೋಳಿ ಸಾರಿಗೆ ಕಡುಬು ಮಾಡಿದ್ದರು. ನಾನು ಹುಡುಕಿಕೊಂಡು ಬಂದದ್ದು ನನ್ನ ಎದುರಿಗೇ ಕೂತಿತ್ತು, ನಾನು ಕಡುಬು ಮುರಿಯುತ್ತಾ ಕೂತಿದ್ದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕರೆಂಟ್ ಬಂತು. ಮತ್ತೆ ಯಾವಾಗ ಹೋಗುವುದೋ ಯಾರಿಗೆ ಗೊತ್ತು? ಸೊಸೆ ಪಂಪಿನ ಸ್ವಿಚ್ಚಿಗೆ ಓಡಿದಳು. ಅತ್ತೆ ನೆನೆಸಿಟ್ಟ ಅಕ್ಕಿಯನ್ನು ಎತ್ತಿಕೊಂಡು ಗ್ರೈಂಡರಿಗೆ ಓಡಿದರು. ಆ ಮನೆಯಲ್ಲಿ ತುಂಬಿಸಲು, ರುಬ್ಬಲು ಏನೂ ಇಲ್ಲದವಳು ನಾನೊಬ್ಬಳೇ, ಹಾಗಾಗಿ ಫ್ರಿಜ್ಜಿನ ಎದುರು ನಾನೊಬ್ಬಳೇ ಉಳಿದೆ. ಪುಟ್ಟ ಕಂಪ್ಯೂಟರು ಎದ್ದಿತು. ಪ್ರೋಗ್ರಾಮ್ ತನ್ನಷ್ಟಕ್ಕೆ ಶುರುವಾಯಿತು. ಎಲ್ಲ ಸರಿಯಾಗಿಯೇ ಇತ್ತು. 'ಇಲ್ಲಿಯೂ ಆಗುತ್ತಿಲ್ಲ' ಎಂದು ಬರೆಯಬೇಕಲ್ಲ ಎಂದು ಯೋಚಿಸುತ್ತಾ ಕೂತೆ.

ಸ್ವಲ್ಪ ಹೊತ್ತಿನ ಮೇಲೆ ನನ್ನ ಮೊಬೈಲು ಸದ್ದು ಮಾಡತೊಡಗಿತು. ಕರೆಂಟಿನ ಜೊತೆ ಸತ್ತಿದ್ದ ಟವರು ಜೀವ ಪಡೆದು, ಬೆಳಿಗ್ಗೆಯಿಂದ ತಡೆದಿದ್ದ ಗಿರಾಕಿಗಳ ಮೆಸೇಜುಗಳೆಲ್ಲ ಒಟ್ಟಿಗೇ ಬಂದವು. ಅದೇ ಗಳಿಗೆಗೆ ಟ್ರೇ ವಾಲಿತು. ವಾಲಿದ್ದು ನಿಲ್ಲದೆ ಈ ಕಡೆಗೆ ವಾಲಿತು, ಮತ್ತೆ ಆ ಕಡೆಗೆ. ಮೊರದಲ್ಲಿ ಅಕ್ಕಿ ಕೇರುವ ಹಾಗೆ ಮೊಟ್ಟೆಗಳು ಒಂದಕ್ಕೊಂದು ತಾಗಿ ಟಕಟಕ ಎಂದವು. ನಾನು ಕೂಗಿ ಎರಡೂ ಕೈಯಲ್ಲಿ ಟ್ರೇಯನ್ನು ಒತ್ತಿ ಹಿಡಿದೆ. ಸೊಸೆ ಪಂಪು ಬಿಟ್ಟು ಓಡಿ ಬಂದು ಮೋಟಾರಿನ ವಯರನ್ನು ಕಿತ್ತೆಸೆದಳು. ಗ್ರೈಂಡರು ಮಾತ್ರ ತಿರುಗುತ್ತಲೇ ಇತ್ತು.

ಕೆಲವು ಮೊಟ್ಟೆಗಳು ಬಿರುಕು ಬಿಟ್ಟಿದ್ದವು. ಉಳಿದವುಗಳ ಒಳಗೆ ಏನಾಗಿದೆ ಎನ್ನುವುದು ಮರಿ ಹೊರಬರುವ ದಿನವೇ ತಿಳಿಯಬೇಕು. ಸೊಸೆ ಒಂದೊಂದನ್ನೇ ಟಾರ್ಚಿನ ಬೆಳಕಿಗೆ ಹಿಡಿದು ನೋಡಿದಳು. ನನಗೆ ಅವಳ ಮುಖ ನೋಡಲಾಗಲಿಲ್ಲ, ಪುಟ್ಟ ಕಂಪ್ಯೂಟರಿಗೆ ಜೋಡಿಸಿದ್ದ ಪರದೆ ನೋಡಿದೆ. ಅಲ್ಲಿ ಎಲ್ಲ ಇತ್ತು. ಕರೆಂಟ್ ಬಂದ ಮೇಲಿನ ಮೊದಲ ಸಾಲುಗಳಲ್ಲಿ ಯಂತ್ರ ಬರೆದುಕೊಂಡ ಹೊತ್ತು ನಿನ್ನೆ ಸಂಜೆಯದ್ದು. ಟವರು ಬಂದ ಮೇಲಿನ ಸಾಲುಗಳಲ್ಲಿ ಇವತ್ತಿನದ್ದು.

ದೊಡ್ಡ ಕಂಪ್ಯೂಟರುಗಳ ಒಳಗೆ ಗಡಿಯಾರಕ್ಕೆಂದೇ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಈ ಅಂಗೈ ಕಂಪ್ಯೂಟರಿಗೆ ಅದಿಲ್ಲ. ಕರೆಂಟ್ ಹೋದಾಗ ಅದರ ಗಡಿಯಾರವೂ ನಿಲ್ಲುತ್ತದೆ, ಬಂದಾಗ ನಿಂತಲ್ಲಿಂದಲೇ ನಡೆಯುತ್ತದೆ. ಟವರಿನಿಂದ ಇಂಟರ್ನೆಟ್ ಸಿಕ್ಕಿದ ಮೇಲೆಯೇ ನಿಜವಾದ ಹೊತ್ತು ತಿಳಿದು ಒಮ್ಮೆಗೇ ಮುಂದಕ್ಕೆ ಹಾರುತ್ತದೆ. ಆಗ ನಮ್ಮ ಭಾಷೆಯ ಆ ಸೌಲಭ್ಯ, ಅಯ್ಯೋ ರಾತ್ರಿಯಿಡೀ ಎಷ್ಟೊಂದು ಸರದಿ ತಪ್ಪಿಹೋಯಿತು ಎಂದುಕೊಂಡು, ತಪ್ಪಿದ್ದನ್ನೆಲ್ಲ ಒಂದೇ ಉಸಿರಿಗೆ ಮಾಡಿ ಮುಗಿಸುತ್ತದೆ. ಮೊದಲೆರಡು ಸಲವೂ ಹೀಗೆಯೇ ಆಗಿತ್ತು. ಯಾರೂ ನೋಡಲಿಲ್ಲ, ಏಕೆಂದರೆ ಕರೆಂಟ್ ಬಂದ ಕೂಡಲೇ ಎಲ್ಲರೂ ಪಂಪಿಗೆ, ಗ್ರೈಂಡರಿಗೆ ಓಡಿರುತ್ತಿದ್ದರು. ಗುಡುಗಿದ ಮಾರನೆ ದಿನ ಮೊಟ್ಟೆ ಕೆಡುತ್ತದೆ ಎಂಬ ಅತ್ತೆಯ ಲೆಕ್ಕ ಸರಿಯೇ. ಕಾರಣ ಮಾತ್ರ ಬೇರೆ.

ಕರೆಂಟ್ ಹೋಗಿತ್ತು ಎಂದು ರಿಪೋರ್ಟಿನಲ್ಲಿ ಯಾಕೆ ಬರೆಯಲಿಲ್ಲ ಎಂದು ಕೇಳಿದೆ. ನನ್ನ ದನಿ ಸ್ವಲ್ಪ ಏರಿತ್ತು.

ಅವಳು ಅಚ್ಚರಿಯಿಂದ ನನ್ನನ್ನು ನೋಡಿದಳು. "ಅದನ್ ಬರೂದಾ ಅಕ್ಕ? ಕರೆಂಟ್ ಹೋಪ್ದ್ ಒಂದ್ ಸು‌ದ್ದಿಯಾ?"

ಗುಡುಗಿನ ವಿಷಯವನ್ನಂತೂ ಬೇಕೆಂದೇ ಬಿಟ್ಟಿದ್ದಳು. ಅಷ್ಟು ದೊಡ್ಡ ದೊಡ್ಡವರು ಓದುವಲ್ಲಿ ಬರೆದರೆ ನಗುತ್ತಾರೆ ಎಂಬ ಹೆದರಿಕೆ. ನಗುತ್ತಿದ್ದರು, ಸುಳ್ಳಲ್ಲ, ಬಂದ ಕೂಡಲೇ ನಾನೇ ನಕ್ಕಿದ್ದೆ. ನನ್ನ ಅಂಗಡಿಯಲ್ಲಿ ಇನ್ವರ್ಟರ್ ಇದೆ, ಮದುವೆ ಸೀಸನ್ನಿನಲ್ಲಿ ಅದಿಲ್ಲದೆ ಬದುಕುವಂತಿಲ್ಲ. ಆದ್ದರಿಂದ ನನ್ನ ಕಂಪ್ಯೂಟರಿಗೆ ಕರೆಂಟ್ ಹೋದದ್ದೇ ಗೊತ್ತಾಗುವುದಿಲ್ಲ. ಹಿರಿಯರ ಊರಿನಲ್ಲಿ ಅದು ಹೋಗುವುದೇ ಇಲ್ಲವಂತೆ. ಹೋಗುವ ಊರಿನವಳಿಗೆ ಅದು ಹೇಳುವಂಥ ಮಾತು ಅನ್ನಿಸಲಿಲ್ಲ. ನಮ್ಮ ಸೀಮೆಯಲ್ಲಿ ಏನೇ ಕೆಟ್ಟರೂ ಮೊದಲು ಕೇಳುವ ಮಾತು ಕರೆಂಟ್ ಇತ್ತಾ ಎಂದು. ಇಂಗ್ಲಿಷಿನಲ್ಲಿ ಕೂತಾಗ ನಾನೂ ಅದನ್ನು ಮರೆತಿದ್ದೆ.

ಮೋಟಾರಿನ ವಯರನ್ನು ಹಾಗೆಯೇ ಬಿಟ್ಟು, ಉಳಿದ ದಿನಗಳಿಗೆ ಕೈಯಲ್ಲೇ ತಿರುಗಿಸುವುದೆಂದು ಅತ್ತೆ ಸೊಸೆ ಮಾತಾಡಿಕೊಂಡರು. ನಾನು ಸಂಜೆಯ ಬಸ್ಸು ಹಿಡಿದೆ.

ಮಾರನೆ ದಿನ ಎಲ್ಲವನ್ನೂ ಬರೆದು ಹಾಕಿದೆ. ಹಿರಿಯರು ಓದಿ, ಚೆನ್ನಾಗಿ ಹುಡುಕಿದ್ದೀರಿ, ಆದರೆ ಇದು ಭಾಷೆಯ ಬಗ್ ಅಲ್ಲ ಎಂದರು. ಗಡಿಯಾರ ಹಾರಿದ್ದು ಯಂತ್ರದ ದೋಷ. ತಪ್ಪಿದ ಸರದಿಯನ್ನು ತುಂಬಿಸಿಕೊಡುವುದನ್ನು ಬೇಕೆಂದೇ ಹಾಗೆ ಮಾಡಿದ್ದು, ಅದನ್ನು ನಂಬಿಕೊಂಡವರೂ ಇದ್ದಾರೆ. ನನಗೆ ಸಿಟ್ಟು ನೆತ್ತಿಗೇರಿತು. ಉದ್ದದ ಒಂದು ಉತ್ತರ ಬರೆದೆ. ಅದರಲ್ಲಿ ಅವರ ಊರಿನ ಕರೆಂಟಿನ ಬಗ್ಗೆಯೂ ನಾಲ್ಕು ಮಾತಿತ್ತು. ಅಷ್ಟರಲ್ಲಿ ಒಬ್ಬರು ಮದುವೆ ಕಾಗದದ ಪ್ರೂಫ್ ನೋಡಲು ಬಂದರು. ಅವರು ಹೋಗುವ ಹೊತ್ತಿಗೆ ನನ್ನ ಸಿಟ್ಟು ಇಳಿದಿತ್ತು, ಬರೆದದ್ದನ್ನು ಅಳಿಸಿದೆ. ನಮ್ಮಲ್ಲಿ ಬೈಗುಳಕ್ಕೆ ಬೆಲೆ ಇಲ್ಲ, ಟೆಸ್ಟಿಗೆ ಇದೆ. ಟೆಸ್ಟ್ ಎಂದರೆ ಭಾಷೆ ತಾನು ಹೇಳಿದಂತೆ ನಡೆಯುತ್ತದೋ ಇಲ್ಲವೋ ಎಂದು ಪರೀಕ್ಷಿಸುವ ಸಣ್ಣ ಪ್ರೋಗ್ರಾಮ್. ಗಡಿಯಾರವನ್ನು ಸುಳ್ಳು ಸುಳ್ಳೇ ಮುಂದಕ್ಕೆ ಹಾರಿಸುವ ಒಂದು ಟೆಸ್ಟ್ ಬರೆದು, ಅದಕ್ಕೆ 'ಗುಡುಗು' ಎಂದು ಹೆಸರಿಟ್ಟು ಕಳಿಸಿದೆ. ಯಾರೇ ಓಡಿಸಿದರೂ ಈಗ ಅವರ ಯಂತ್ರದಲ್ಲೂ ಟ್ರೇ ಕುಣಿಯುತ್ತಿತ್ತು.

'ಇಲ್ಲಿ ಆಗುತ್ತಿಲ್ಲ' ಎಂಬ ಲೇಬಲನ್ನು ಹಿರಿಯರು ತಾವೇ ತೆಗೆದರು. ಆದರೂ ಸರಿ ಮಾಡಬೇಕೇ ಬೇಡವೇ ಎಂಬ ಚರ್ಚೆ ಮುಗಿಯಲಿಲ್ಲ. ಆಗ ಕೆರಾಡಿಯವಳು, ಅಲ್ಲಿಯವರೆಗೆ ಕೇಳಿದ್ದಕ್ಕೆ ಮಾತ್ರ ಉತ್ತರಿಸುತ್ತಿದ್ದವಳು, ತಾನಾಗಿ ಒಂದು ಮಾತು ಬರೆದಳು. ಹೇಂಟೆ ಮೇವಿಗೆಂದು ಎದ್ದು ಹೋಗಿ ತಡವಾಗಿ ಬಂದರೆ, ತಪ್ಪಿದ ಹೊತ್ತಿನ ಲೆಕ್ಕ ಹಿಡಿದು ಮೊಟ್ಟೆಯನ್ನು ಮತ್ತೆ ಮತ್ತೆ ತಿರುಗಿಸುವುದಿಲ್ಲ. ಒಂದು ಸಲ ತಿರುಗಿಸಿ ಕೂರುತ್ತದೆ.

ಎರಡು ದಿನದ ಮೇಲೆ ಹಿರಿಯರು ಒಪ್ಪಿದರು. ತಪ್ಪಿದ್ದೆಲ್ಲ ಬೇಕು ಎನ್ನುವವರು ಹಾಗೆಂದು ಹೇಳಿ ಪಡೆಯಲಿ, ಹೇಳದಿದ್ದರೆ ಒಂದು ಸಲ ಮಾತ್ರ. ರಿಪೇರಿಯನ್ನು ಅವಳೇ ಬರೆಯಲಿ, ಏನು ಬೇಕೆಂದು ಅವಳಿಗೇ ಚೆನ್ನಾಗಿ ಗೊತ್ತಿದೆ ಎಂದರು. ಅವಳು ಬರೆದಳು. ಹಿರಿಯರು ತಿದ್ದಿಸಿದರು, ಮತ್ತೆ ತಿದ್ದಿಸಿದರು, ಬಿಟ್ಟ ಒಂದು ಖಾಲಿ ಸಾಲಿಗೂ ಕೊಂಕು ತೆಗೆದರು. ಇವರಿಗೆ ಎಂತ ಬೇಕು ಎಂದು ಅವಳು ನನಗೆ ಫೋನ್ ಮಾಡಿ ರೇಗಿದಳು. ಪ್ರೂಫ್ ಎಂದರೆ ಹಾಗೆಯೇ, ಅಚ್ಚಾಗುವ ಮೊದಲು ಬೈಸಿಕೊಳ್ಳುವುದು ಒಳ್ಳೆಯದು ಎಂದೆ.

ಈ ಹಗ್ಗಜಗ್ಗಾಟದ ನಡುವೆಯೇ ಮೊಟ್ಟೆಗಳ ದಿನ ತುಂಬಿತು. ಆವತ್ತು ನಾನು ಬೆಳಿಗ್ಗೆಯಿಂದ ಅಂಗಡಿಯಲ್ಲಿ ನಿಂತಲ್ಲಿ ನಿಲ್ಲಲಿಲ್ಲ. ಒಂದು ಕಾಗದದಲ್ಲಿ ವರನ ಕಡೆಯವರನ್ನು ವಧುವಿನ ಕಡೆಗೆ ಹಾಕಿಬಿಟ್ಟೆ, ಗಂಡ ನೋಡಿ ತಿದ್ದಿದರು. ಮಧ್ಯಾಹ್ನ ಅವಳ ಫೋನ್ ಬಂತು. ಹಿಂದಿನಿಂದ ಚಿಂವ್ ಚಿಂವ್ ಎಂಬ ಸದ್ದು ಕೇಳುತ್ತಿತ್ತು. ಎಲ್ಲವೂ ಒಡೆಯಲಿಲ್ಲ. ಆದರೆ ಒಡೆದದ್ದು ಬಹಳ, ಪಾಲು ಹಂಚಲು ಸಾಕಷ್ಟು. ಆ ವಾರವೇ ಮನೆ ಮನೆಗೆ ಹೋಗಿ ಅವರವರ ಪಾಲಿನ ಮರಿಗಳನ್ನು ಕೊಟ್ಟು ಬಂದಳು. ಮಳೆ ಹಿಡಿದ ಮೇಲೆ ಪಕ್ಕದ ಮನೆಯವರು ಬುಟ್ಟಿಯಲ್ಲಿ ಮೊಟ್ಟೆ ತಂದುಕೊಟ್ಟರಂತೆ, ಜೊತೆಗೆ ತಮ್ಮದೊಂದು ಇದ್ದಿಲ ತುಂಡನ್ನೂ. ಅದನ್ನೂ ಫ್ರಿಜ್ಜಿನೊಳಗೆ ಇಟ್ಟುಕೊಂಡಿದ್ದಾಳೆ.

ಅವಳ ರಿಪೇರಿ ಮುಂದಿನ ಆವೃತ್ತಿಯಲ್ಲಿ ಸೇರಿತು. ಆಮೇಲೆ ನಾನು ಒಂದು ಸಲಹೆ ಕೊಟ್ಟೆ. ರಿಪೋರ್ಟು ಬರೆಯುವವರನ್ನು ಮೊದಲಿಗೇ ಕೆಲವು ಪ್ರಶ್ನೆ ಕೇಳುತ್ತೇವೆ, ಯಾವ ಆವೃತ್ತಿ, ಯಾವ ಯಂತ್ರ ಎಂದು. ಅದರ ಜೊತೆ 'ಇದಕ್ಕೆ ಮೊದಲು ಕರೆಂಟ್ ಹೋಗಿತ್ತಾ?' ಎಂದೂ ಕೇಳೋಣ ಎಂದೆ. ಪ್ರಶ್ನೆಗಳು ಈಗಲೇ ಉದ್ದವಾಗಿವೆ, ಅಂಥ ಮುಖ್ಯ ವಿಷಯ ಇದ್ದರೆ ಜನ ತಾವೇ ಬರೆಯುತ್ತಾರೆ ಎಂದು ಒಬ್ಬರು ಅಡ್ಡ ಹೇಳಿದರು. ಅವಳಿಗೆ ಫೋನ್ ಮಾಡಿ ಹೇಳಿದೆ.

"ದಿನಾ ಆಪ್ದನ್ನ ಯಾರೂ ಬರಿತ್ರಿಲ್ಲ ಅಕ್ಕ" ಎಂದಳು. "ಅದನ್ನ ನಾವೇ ಕೇಣ್ಕ್."

ನಾವೇ ಕೇಳಬೇಕು ಎಂಬ ಆ ಮಾತನ್ನೇ ಇಂಗ್ಲಿಷಿಗೆ ತಿರುಗಿಸಿ ಹಾಕಿದೆ. ಹಿರಿಯರು ಚರ್ಚೆಗೆ ಬರಲೇ ಇಲ್ಲ. ಸೀದಾ ಪ್ರಶ್ನೆಯನ್ನು ಸೇರಿಸಿದರು.

ಮೊನ್ನೆ ಮೊನ್ನೆ ಎಲ್ಲಿಯದೋ ದ್ವೀಪದಿಂದ ಒಂದು ರಿಪೋರ್ಟು ಬಂತು. ಸಸಿಗಳಿಗೆ ನೀರು ಬಿಡುವ ಯಂತ್ರವಂತೆ. ಕೆಲವೊಮ್ಮೆ ನೀರು ಬಿಡುವುದೇ ಇಲ್ಲ, ಸಸಿಗಳು ಒಣಗಿಹೋದವು ಎಂದು ಬರೆದಿದ್ದರು. ಅದೇ 'ಕೆಲವೊಮ್ಮೆ'. ನಮ್ಮ ಪ್ರಶ್ನೆಯ ಎದುರು ಹೀಗೆ ತುಂಬಿದ್ದರು: ಹೋಗಿತ್ತು, ದಿನಾ ಹೋಗುತ್ತದೆ, ಅದು ಮುಖ್ಯವೇ?

ಗಿರಾಕಿಗೆ ಕಾಯಲು ಹೇಳಿ ನಾನು ಉತ್ತರ ಬರೆಯತೊಡಗಿದೆ. ಒಂದು ಸಾಲು ಮುಗಿಯುವ ಮೊದಲೇ ಮೊಬೈಲು ಸದ್ದು ಮಾಡಿತು. ಕೆರಾಡಿಯಿಂದ ಮೆಸೇಜು, ಈಗ ಅವಳೂ ನಮ್ಮ ಜೊತೆ ರಿಪೋರ್ಟು ಓದುತ್ತಾಳೆ. "ಅಕ್ಕ, ಇದ್ ನಂಗೆ ಬಿಡಿ."

ಬಿಟ್ಟೆ. ಪರದೆಯ ಮೇಲೆ ಅವಳ ಉತ್ತರ ಆಗಲೇ ಬಂದು ಕೂತಿತ್ತು. ಬಹಳ ಮುಖ್ಯ ಎಂದು ಬರೆದಿದ್ದಳು. ನಿಮ್ಮಲ್ಲಿ ದಿನಾ ಇನ್ನೂ ಏನೇನು ಆಗುತ್ತದೆ, ಎಲ್ಲ ಬರೆಯಿರಿ.